ಕಂಠಾಭರಣ ಸಂಖ್ಯೆಗಳು: ಗಣಿತಸಾರಸಂಗ್ರಹದ ಒಂದು ಪುಟ



ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲೂಕಿನಲ್ಲಿರುವ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ನಾಡಿನ ನಾನಾ ಭಾಗಗಳ ಜನ ಯಾತ್ರೆ ಹೋಗಿಬರುವುದು ನಿಮಗೆಲ್ಲ ತಿಳಿದ ಸಂಗತಿ. ಕುಮಾರಧಾರೆಯಲ್ಲಿ ಮಿಂದು ಗುಡಿಯನ್ನು ಹೊಕ್ಕ ಯಾತ್ರಿಕನ ಮನಸ್ಸಿನಲ್ಲಿ ಅಲ್ಲಿ ಎರಡು ರೂಪಗಳು ನಿಲ್ಲುತ್ತವೆ. ಒಂದು ಆರು ಮುಖದ ಕುಮಾರಸ್ವಾಮಿಯದು, ಇನ್ನೊಂದು ಹುತ್ತದಲ್ಲಿ ನೆಲಸಿದ ನಾಗನದು. ಈ ಎರಡು ಹೆಸರುಗಳು ನಮ್ಮ ಪ್ರಾಚೀನ ಗಣಿತಗ್ರಂಥಗಳಲ್ಲಿಯೂ ಬರುತ್ತವೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಅಲ್ಲಿ ‘ಕುಮಾರವದನ’ ಎಂದರೆ ೬, ‘ನಾಗ’ ಎಂದರೆ ೮. ಚಂದ್ರನೆಂದರೆ ೧, ಕಣ್ಣೆಂದರೆ ೨, ಹರನೇತ್ರವೆಂದರೆ ೩, ವೇದವೆಂದರೆ ೪, ಬಾಣವೆಂದರೆ ೫, ಆಕಾಶವೆಂದರೆ ಸೊನ್ನೆ, ರುದ್ರನೆಂದರೆ ೧೧. ಗಣಿತವನ್ನು ಶ್ಲೋಕದಲ್ಲಿ ಹೇಳಿ ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಛಂದಸ್ಸಿಗೆ ಹೊಂದುವಂತೆ ಅಂಕಿಗಳಿಗೆ ಇಂತಹ ಹೆಸರುಗಳು ಬೇಕಾದವು. ಅಂಕಿಗಳನ್ನು ಹೇಳುವ ಕ್ರಮವೂ ಬೇರೆ. ಬಿಡಿಯ ಸ್ಥಾನದಿಂದ ಆರಂಭಿಸಿ ಎಡಕ್ಕೆ ಹೋಗಬೇಕು. ಆದ್ದರಿಂದ ‘ನಾಗ, ಕುಮಾರವದನ’ ಎಂದರೆ ೮೬ ಅಲ್ಲ, ೬೮.

ಗಣಿತವು ಲೌಕಿಕ ವ್ಯವಹಾರಕ್ಕೆ ಮಾತ್ರ ಬೇಕಾದ ಶುಷ್ಕ ವಿದ್ಯೆ, ಧರ್ಮಪೀಠಗಳಿಗೆ ಅದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸವೇ ಉತ್ತರ ಕೊಡುತ್ತದೆ. ಸುಬ್ರಹ್ಮಣ್ಯವಿರುವ ಜಿಲ್ಲೆಯಲ್ಲಿಯೇ ಮೂಡುಬಿದಿರೆಯಿದೆ. ಅಲ್ಲಿಯ ಜೈನ ಮಠದಲ್ಲಿ ಶತಮಾನಗಳ ಕಾಲ ಉಳಿದು ಬಂದ ಒಂದು ತಾಳೆಗರಿಯ ಕಟ್ಟು ಕನ್ನಡ ನಾಡಿನ ಅತ್ಯಂತ ಶ್ರೇಷ್ಠ ಗಣಿತಗ್ರಂಥವನ್ನು ಲೋಕಕ್ಕೆ ಕಾಣಿಸುವಲ್ಲಿ ನೆರವಾಯಿತು. ಆ ಗ್ರಂಥವೇ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಅದರ ಒಂದು ಪುಟವನ್ನಷ್ಟೇ ಇಂದು ನಿಮ್ಮ ಮುಂದೆ ತೆರೆದಿಡುತ್ತೇವೆ.

ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ನೃಪತುಂಗನು ೮೧೪ರಿಂದ ೮೭೮ರವರೆಗೆ ಆಳಿದನು. ಅವನ ರಾಜಧಾನಿಯಾದ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಮಳಖೇಡವೆಂಬ ಊರಾಗಿದೆ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಸುಮಾರು ೮೫೦ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿತವಾದ ಗಣಿತಸಾರಸಂಗ್ರಹವು ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಮೀರಿದ ಶ್ಲೋಕಗಳ ಗ್ರಂಥ. ವರ್ಧಮಾನ ಜಿನನಿಗೆ ವಂದಿಸಿ, ಅಮೋಘವರ್ಷನನ್ನು ಕೊಂಡಾಡಿ, ಆಚಾರ್ಯರು ಗಣಿತದ ಮಹಿಮೆಯನ್ನು ಹೇಳುತ್ತಾರೆ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಗ್ರಹಗಳ ಗತಿ ಇವೆಲ್ಲವೂ ಗಣಿತವನ್ನು ಬೇಡುತ್ತವೆ; ಚರಾಚರ ಜಗತ್ತಿನಲ್ಲಿ ಗಣಿತವನ್ನು ಬಿಟ್ಟು ನಿಲ್ಲುವ ವಸ್ತು ಯಾವುದೂ ಇಲ್ಲ ಎಂಬುದು ಅವರ ಮಾತಿನ ಸಾರ.

ದೊಡ್ಡ ಸಂಖ್ಯೆಗಳ ಮೇಲಿನ ಪ್ರೀತಿ ನಮ್ಮ ದೇಶದವರಿಗೆ ಹೊಸತಲ್ಲ. ಲಕ್ಷ ಬಿಲ್ವಾರ್ಚನೆ, ಲಕ್ಷದೀಪೋತ್ಸವ, ಕೋಟಿ ಜಪ ಎಂಬ ಮಾತುಗಳು ನಮ್ಮ ನಿತ್ಯದ ಬಳಕೆಯಲ್ಲಿವೆ. ಕಲ್ಯಾಣದಲ್ಲಿ ಲಕ್ಷದ ತೊಂಬತ್ತಾರು ಸಾವಿರ ಗಣಂಗಳಿದ್ದರೆಂದು ನಮ್ಮ ಪರಂಪರೆ ನಂಬಿದೆ. ಅಲ್ಲೆಲ್ಲ ಸಂಖ್ಯೆಯು ಮಹಿಮೆಯನ್ನು ಸೂಚಿಸುತ್ತದೆ. ಅದನ್ನು ಯಾರೂ ಗುಣಿಸಿ ಭಾಗಿಸಿ ನೋಡುವುದಿಲ್ಲ. ಮಹಾವೀರಾಚಾರ್ಯರೂ ಸ್ಥಾನಗಳ ಹೆಸರುಗಳನ್ನು ಏಕ, ದಶ, ಶತ, ಸಹಸ್ರಗಳಿಂದ ಆರಂಭಿಸಿ ಇಪ್ಪತ್ತನಾಲ್ಕನೆಯ ಸ್ಥಾನವಾದ ‘ಮಹಾಕ್ಷೋಭ’ದವರೆಗೆ ಹೇಳಿದ್ದಾರೆ. ಮಹಾಕ್ಷೋಭವೆಂದರೆ ಒಂದರ ಮುಂದೆ ೨೩ ಸೊನ್ನೆ. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ದೊಡ್ಡ ಸಂಖ್ಯೆಯ ಒಳಗೆ ಏನಿದೆ, ಅದು ಯಾವ ಯಾವ ಸಂಖ್ಯೆಗಳಿಂದ ಕಟ್ಟಿದೆ ಎಂದು ಇಣುಕಿ ನೋಡಿದರು. ಅವರ ಹಿರಿಮೆ ಇರುವುದು ಅಲ್ಲಿ.

ಗುಣಾಕಾರದ ಪ್ರಕರಣದಲ್ಲಿ ಅವರು ಒಂದು ಸರಳವಾದ ಲೆಕ್ಕ ಕೊಡುತ್ತಾರೆ. ಪ್ರತಿಯೊಂದು ಬಸದಿಗೆ ೧೩೯ ಪುಷ್ಯರಾಗಗಳಂತೆ ೧೦೯ ಬಸದಿಗಳಿಗೆ ಅರ್ಪಿಸಿದರೆ ಒಟ್ಟು ಎಷ್ಟು? ಉತ್ತರ ೧೫೧೫೧. ಈ ಸಂಖ್ಯೆಯನ್ನು ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ. ‘ವಿಕಟಕವಿ’ ಎಂಬ ಮಾತನ್ನು ಶಾಲೆಯ ಮಕ್ಕಳು ಹಿಂದುಮುಂದಾಗಿ ಹೇಳಿ ನಲಿಯುವುದನ್ನು ನೀವು ಕೇಳಿದ್ದೀರಿ. ಚಿತ್ರಕಾವ್ಯದಲ್ಲಿ ಇದಕ್ಕೆ ಗತಪ್ರತ್ಯಾಗತವೆಂದು ಹೆಸರು. ಕವಿಗಳು ಅಕ್ಷರಗಳಲ್ಲಿ ಮಾಡಿದ್ದನ್ನು ಆಚಾರ್ಯರು ಅಂಕಿಗಳಲ್ಲಿ ಮಾಡಿದರು. ವ್ಯತ್ಯಾಸವೊಂದಿದೆ. ಕವಿಯು ತನಗೆ ಬೇಕಾದ ಅಕ್ಷರಗಳನ್ನು ಆರಿಸಿ ಜೋಡಿಸಬಲ್ಲನು. ಗುಣಾಕಾರದ ಫಲವಾದರೋ ಯಾರ ಇಚ್ಛೆಗೂ ಬಗ್ಗುವುದಿಲ್ಲ. ಅದನ್ನು ಕಂಡುಹಿಡಿಯಬೇಕೇ ಹೊರತು ಕಟ್ಟುವಂತಿಲ್ಲ.

ಇಂತಹ ಸಂಖ್ಯೆಗಳಿಗೆ ಆಚಾರ್ಯರು ಇಟ್ಟ ಹೆಸರು ‘ಕಂಠಿಕೆ’, ‘ಕಂಠಾಭರಣ’. ಕೊರಳ ಹಾರದಲ್ಲಿ ಪದಕದ ಎಡಬಲಗಳಲ್ಲಿ ಒಂದೇ ಬಗೆಯ ಮಣಿಗಳು ಒಂದೇ ಕ್ರಮದಲ್ಲಿರುವಂತೆ ಇಲ್ಲಿಯೂ ನಡುವಿನಿಂದ ಎರಡು ಕಡೆಗೂ ಅಂಕಿಗಳು ಸಮನಾಗಿ ನಿಲ್ಲುತ್ತವೆ. ಅವುಗಳಲ್ಲಿ ಅರಸನ ಕಂಠಾಭರಣವೆಂದು ಅವರು ಕರೆದಿರುವ ಒಂದು ಸಂಖ್ಯೆಯನ್ನು ನೋಡೋಣ. ೧೨೩೪೫೬೭೯ ಎಂಬ ಸಂಖ್ಯೆಯನ್ನು ೯ರಿಂದ ಗುಣಿಸಬೇಕು. ಫಲವು ೧೧೧೧೧೧೧೧೧, ಎಂದರೆ ಸಾಲಾಗಿ ಒಂಬತ್ತು ಒಂದುಗಳು.

ಮೇಲಿನ ಗುಣ್ಯವನ್ನು ಮತ್ತೊಮ್ಮೆ ನೋಡಿರಿ. ಒಂದರಿಂದ ಒಂಬತ್ತರವರೆಗೆ ಅಂಕಿಗಳು ಕ್ರಮವಾಗಿವೆ, ಆದರೆ ೮ ಇಲ್ಲ. ಅದೇಕೆ? ಹಲಗೆಯ ಮೇಲೆ ಗುಣಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ಒಂಬತ್ತೊಂಬತ್ತಲೆ ಎಂಬತ್ತೊಂದು, ೧ ಬರೆದು ೮ ದಶಕ. ಮುಂದಿನ ಅಂಕಿ ೭. ಏಳೊಂಬತ್ತಲೆ ಅರವತ್ತಮೂರು, ದಶಕದ ೮ ಸೇರಿ ಎಪ್ಪತ್ತೊಂದು. ೧ ಬರೆದು ೭ ದಶಕ. ಆರೊಂಬತ್ತಲೆ ಐವತ್ತನಾಲ್ಕು, ದಶಕದ ೭ ಸೇರಿ ಅರವತ್ತೊಂದು, ಮತ್ತೆ ೧. ಹೀಗೆ ಕೊನೆಯವರೆಗೂ ಪ್ರತಿಯೊಂದು ಹೆಜ್ಜೆಯಲ್ಲಿ ಒಂದೇ ಬರುತ್ತದೆ. ೯ರ ಪಕ್ಕದಲ್ಲಿ ೮ ಇದ್ದಿದ್ದರೆ ಎಪ್ಪತ್ತೆರಡಕ್ಕೆ ದಶಕದ ೮ ಸೇರಿ ಎಂಬತ್ತಾಗಿ, ಸೊನ್ನೆ ಬಂದು ಹಾರ ಕಡಿಯುತ್ತಿತ್ತು. ಎಂದಮೇಲೆ ೮ ಕಾಣೆಯಾಗಿಲ್ಲ. ಮೊದಲ ಹೆಜ್ಜೆಯಲ್ಲಿಯೇ ದಶಕವಾಗಿ ಬಂದು ತನ್ನ ಕೆಲಸ ಮುಗಿಸಿದೆ. ಎಂಟಕ್ಕೆ ನಾಗನೆಂದು ಹೆಸರಷ್ಟೆ. ಹುತ್ತದೊಳಗಿನ ನಾಗನಂತೆ ಅದು ಕಣ್ಣಿಗೆ ಬೀಳದೆ ಒಳಗೇ ಇದೆ.

ಆಚಾರ್ಯರು ಕೊಟ್ಟ ಬೇರೆ ಹಾರಗಳೂ ಸುಂದರವಾಗಿವೆ. ೩೭೦೩೭೦೩೭ನ್ನು ೩ರಿಂದ ಗುಣಿಸಿದರೆ ಮೇಲೆ ಹೇಳಿದ ಒಂಬತ್ತು ಒಂದುಗಳೇ ಬರುತ್ತವೆ. ಆ ಫಲವನ್ನು ಮತ್ತೆ ೧ರಿಂದ ೯ರವರೆಗಿನ ಅಂಕಿಗಳಿಂದ ಗುಣಿಸುತ್ತ ಹೋದರೆ ಎಲ್ಲ ಎರಡುಗಳ, ಎಲ್ಲ ಮೂರುಗಳ, ಕೊನೆಗೆ ಎಲ್ಲ ಒಂಬತ್ತುಗಳ ಹಾರ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧; ಇದು ರತ್ನದ ಹಾರ. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧, ಇದು ರಾಜಕಂಠಿಕೆ. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ಇದು ರಾಜಕುಮಾರನಿಗೆ ತಕ್ಕ ಹಾರ. ಇವೆಲ್ಲಕ್ಕಿಂತ ದೊಡ್ಡದು ಆರು ಮೂರುಗಳು, ಐದು ಆರುಗಳು, ಕೊನೆಯಲ್ಲಿ ಒಂದು ಏಳು ಇರುವ ೩೩೩೩೩೩೬೬೬೬೬೭ ಎಂಬ ಸಂಖ್ಯೆಯಿಂದ ಬರುವ ಹಾರ. ಅದನ್ನು ೩೩ರಿಂದ ಗುಣಿಸಿದರೆ ಹದಿನಾಲ್ಕು ಸ್ಥಾನಗಳ ೧೧೦೦೦೦೧೧೦೦೦೦೧೧ ದೊರೆಯುತ್ತದೆ. ಕಾಗದ, ಪೆನ್ನು, ಗಣಕಯಂತ್ರ ಯಾವುದೂ ಇಲ್ಲದ ಕಾಲದಲ್ಲಿ ಈ ಜೋಡಿಗಳನ್ನು ಹುಡುಕಿದ ತಾಳ್ಮೆಯನ್ನು ಯೋಚಿಸಿರಿ.

ಇವು ಆಕಸ್ಮಿಕವಾಗಿ ಕೈಗೆ ಸಿಕ್ಕವು ಎನ್ನಲು ಮನಸ್ಸು ಒಪ್ಪುವುದಿಲ್ಲ. ಗ್ರಂಥದಲ್ಲಿ ಲೆಕ್ಕಗಳು ಮಾತ್ರ ಇವೆ. ಅವು ದೊರೆತ ದಾರಿಯನ್ನು ಆಚಾರ್ಯರು ಬಿಡಿಸಿ ಹೇಳಿಲ್ಲ. ಆದರೆ ಅಪವರ್ತನಗಳನ್ನು ಬಿಡಿಸಿ ನೋಡುವವರಿಗೆ ಒಳಗಿನ ಹುರಿ ಕಾಣುತ್ತದೆ. ರಾಜಕುಮಾರನ ಹಾರವನ್ನೇ ತೆಗೆದುಕೊಳ್ಳಿ. ೧೧೦೧೧೦೧೧ ಎಂದರೆ ೧೧ ಗುಣಿಸು ೧೦೦೧೦೦೧. ಅದನ್ನು ೯೧ರಿಂದ ಗುಣಿಸುವಾಗ ೧೧ ಮತ್ತು ೯೧ ಸೇರಿ ೧೦೦೧ ಆಗುತ್ತದೆ. ೧೦೦೧ನ್ನು ೧೦೦೧೦೦೧ರಿಂದ ಗುಣಿಸಿದರೆ ೧೦೦೨೦೦೨೦೦೧ ತಾನಾಗಿಯೇ ಬರುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಬೆರಗು ಹುಟ್ಟಿಸುವಂತಹುದು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿರೆಂದು ಆಚಾರ್ಯರು ಹೇಳುತ್ತಾರೆ. ಫಲ ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಅದರ ಶಿಖರದಲ್ಲಿ ಕುಮಾರವದನ. ಇದರ ಒಳಗೇನಿದೆ? ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೫೨೯೧ನ್ನು ೨೧ರಿಂದ ಗುಣಿಸಿದರೆ ೧೧೧೧೧೧. ಹೀಗಾಗಿ ಫಲವು ಆರು ಒಂದುಗಳ ವರ್ಗವಲ್ಲದೆ ಬೇರೇನೂ ಅಲ್ಲ. ಹೊರಗಿನಿಂದ ಅಂಕೆ ತಪ್ಪಿದಂತೆ ಕಾಣುವ ೨೭೯೯೪೬೮೧ರೊಳಗೆ ಇಷ್ಟು ಕಟ್ಟುನಿಟ್ಟಾದ ವ್ಯವಸ್ಥೆ ಅಡಗಿತ್ತು. ಅದನ್ನು ಹೊರತರಲು ಅದಕ್ಕೆ ತಕ್ಕ ಗುಣಕ ದೊರೆಯಬೇಕಾಗಿತ್ತು, ಅಷ್ಟೆ. ಶಿಷ್ಯನ ಯೋಗ್ಯತೆಯನ್ನು ಗುರುವು ಹೊರತರುವ ಬಗೆಯೂ ಹೀಗೆಯೇ ಅಲ್ಲವೇ? ಗುರುವು ಹೊಸದನ್ನು ತುಂಬುವುದಕ್ಕಿಂತ, ಒಳಗಿರುವುದನ್ನು ತೋರಿಸಿಕೊಡುತ್ತಾನೆ.

ಈ ಹಾರಗಳಿಗೆ ಅಂದದ ಜೊತೆಗೆ ಒಂದು ಪ್ರಯೋಜನವೂ ಇದೆ. ತಾಳೆಗರಿಯ ಗ್ರಂಥಗಳು ಹಾಳಾಗುವ ಮೊದಲು ಅವುಗಳನ್ನು ಮತ್ತೆ ಮತ್ತೆ ಪ್ರತಿಮಾಡಬೇಕಾಗಿತ್ತು. ಪ್ರತಿಮಾಡುವಾಗ ಕಾವ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಥದ ಬಲದಿಂದ ತಿದ್ದಬಹುದು. ಅಂಕಿ ತಪ್ಪಿದರೆ ತಿದ್ದುವುದು ಹೇಗೆ? ೧೫೨೨೦೭ ಎಂದು ಬರೆಯಬೇಕಾದಲ್ಲಿ ಲಿಪಿಕಾರನು ೧೫೨೩೦೭ ಎಂದು ಬರೆದನೆಂದು ಭಾವಿಸೋಣ. ಅದನ್ನು ೭೩ರಿಂದ ಗುಣಿಸಿದರೆ ೧೧೧೧೮೪೧೧ ಬರುತ್ತದೆ. ಹಾರವಾಗಬೇಕಾದದ್ದು ಹಾರವಾಗದೆ ಹೋದಾಗ ತಪ್ಪಿದೆಯೆಂದು ಓದುವವನಿಗೆ ತಿಳಿಯುತ್ತದೆ. ಗುಣಾಕಾರ ಕಲಿಯುವ ಹುಡುಗನಿಗೂ ಹೀಗೆಯೇ. ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳಬೇಕಾಗಿಲ್ಲ. ಎರಡು ಕಡೆಯಿಂದ ಓದಿ ನೋಡಿದರೆ ಸಾಕು. ಸತ್ಯಕ್ಕೆ ತನ್ನೊಳಗೇ ಸಾಕ್ಷಿ ಇರುವುದೆಂದರೆ ಇದೇ.

ಇನ್ನು ಈ ಗ್ರಂಥವು ಬೆಳಕಿಗೆ ಬಂದ ಬಗೆಯನ್ನು ಹೇಳಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅಲ್ಲಿಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿದ್ದರು. ಭಾರತೀಯ ಗಣಿತದ ಇತಿಹಾಸಕ್ಕೆ ಬೆಳಕು ಚೆಲ್ಲುವ ಕೃತಿ ಯಾವುದಾದರೂ ಅಲ್ಲಿದೆಯೇ ಎಂದು ವಿದ್ಯಾ ಇಲಾಖೆಯ ನಿರ್ದೇಶಕರು ಕೇಳಿದಾಗ ಅವರು ಕಟ್ಟುಗಳನ್ನು ಬಿಚ್ಚಿ ನೋಡಿದರು. ಗಣಿತಸಾರಸಂಗ್ರಹದ ಮೂರು ಪ್ರತಿಗಳು ದೊರೆತವು, ಮೂರೂ ಅಪೂರ್ಣವಾಗಿದ್ದವು. ಮುಂದೆ ಹುಡುಕಿದಾಗ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಒಂದು, ಮೂಡುಬಿದಿರೆಯ ಜೈನ ಮಠದಲ್ಲಿ ಒಂದು ಪ್ರತಿಯಿರುವುದು ತಿಳಿಯಿತು. ಇವುಗಳನ್ನು ಹೋಲಿಸಿ, ಪಾಠವನ್ನು ನಿರ್ಣಯಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ ಬಂದಿತು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಕೃತಿಯು ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಶ್ರಮದಿಂದ ಕನ್ನಡ ಅನುವಾದವನ್ನು ಕಂಡದ್ದು ೨೦೦೦ದಲ್ಲಿ. ಅದನ್ನು ಪ್ರಕಟಿಸಿದ್ದು ಹೊಂಬುಜದ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಒಂದು ಮಠ ಓಲೆಯನ್ನು ಉಳಿಸಿತು, ಇನ್ನೊಂದು ಮಠ ಅದನ್ನು ತಾಯಿನುಡಿಯಲ್ಲಿ ಜನರ ಕೈಗಿತ್ತಿತು. ಧರ್ಮಪೀಠಗಳಿಗೆ ಗಣಿತದ ಗೊಡವೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ವೀರಶೈವ ಮಠದ ಪತ್ರಿಕೆಯಲ್ಲಿ ಜೈನಾಚಾರ್ಯರೊಬ್ಬರ ಸ್ತುತಿ ಏಕೆಂದು ಯಾರಾದರೂ ಕೇಳಬಹುದು. ನಮ್ಮ ಪೂರ್ವಿಕರಿಗೂ ಜೈನರಿಗೂ ವಾದ ವಿವಾದಗಳು ನಡೆದದ್ದು ಸುಳ್ಳಲ್ಲ. ಏಕಾಂತದ ರಾಮಯ್ಯನ ಕಥೆ ಹಾವೇರಿ ಜಿಲ್ಲೆಯ ಅಬಲೂರಿನ ಶಾಸನದಲ್ಲಿಯೇ ಕೆತ್ತಿದೆ. ಆದರೆ ಅದೇ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. ೧೧ನೆಯ ಶತಮಾನದಲ್ಲಿ ತೆಲುಗು ನಾಡಿನ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಅವನು ಶೈವ. ಮೂಲದಲ್ಲಿ ಜಿನನ ಮಾತು ಬಂದೆಡೆ ಅವನು ಶಿವನನ್ನು ತಂದನು. ದೇವರ ಹೆಸರು ಬದಲಾಯಿತು, ಗುಣಾಕಾರ ಬದಲಾಗಲಿಲ್ಲ. ೧೩೯ ರತ್ನಗಳನ್ನು ೧೦೯ ಬಸದಿಗಳಿಗೆ ಅರ್ಪಿಸಿದರೂ, ೧೦೯ ಶಿವಾಲಯಗಳಿಗೆ ಅರ್ಪಿಸಿದರೂ ಒಟ್ಟು ೧೫೧೫೧ ಆಗಲೇಬೇಕು. ನಂಬಿಕೆಯಲ್ಲಿ ಬೇರೆಯಾದವರು ಒಂದೇ ಹಲಗೆಯ ಮೇಲೆ ಕುಳಿತು ಕಲಿಯಬಹುದಾದ ವಿದ್ಯೆಯೊಂದಿದೆ ಎಂಬುದನ್ನು ಮಲ್ಲನನು ಒಂಬತ್ತು ನೂರು ವರ್ಷಗಳ ಹಿಂದೆಯೇ ತೋರಿಸಿದನು. ಕನ್ನಡದಲ್ಲಿ ೧೨ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ರಚಿಸಿ ಈ ವಿದ್ಯೆಯನ್ನು ಜನರ ನುಡಿಗೆ ಇಳಿಸಿದನು.

ಪ್ರಾಚೀನರನ್ನು ಹೊಗಳುವ ಭರದಲ್ಲಿ ಅವರಿಗೆ ತಿಳಿಯದಿದ್ದುದೇ ಇರಲಿಲ್ಲ ಎನ್ನುವುದು ಈಗೀಗ ಹೆಚ್ಚಾಗಿದೆ. ಅದು ಅವರಿಗೆ ಗೌರವವಲ್ಲ. ಋಣಸಂಖ್ಯೆಯು ಯಾವುದರ ವರ್ಗವೂ ಆಗಲಾರದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಹೇಳಿದ್ದು ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಅವರ ಮಾತನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಎರಡನ್ನೂ ಹೇಳಬೇಕು. ಅವರ ಹಾರಗಳು ಇಂದಿಗೂ ಹೊಳೆಯುತ್ತಿರುವುದು ಅವು ಹಳೆಯವು ಎಂಬುದಕ್ಕಾಗಿ ಅಲ್ಲ, ಇಂದು ಗುಣಿಸಿದರೂ ಸರಿಯಾಗಿ ಬರುತ್ತವೆ ಎಂಬುದಕ್ಕಾಗಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಮಾತು. ಫ. ಗು. ಹಳಕಟ್ಟಿಯವರು ಮನೆಮನೆಯ ಅಟ್ಟದಿಂದ ಓಲೆಗರಿಗಳನ್ನು ಇಳಿಸಿ ತರದಿದ್ದರೆ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ ಹೊರಬರುತ್ತಿರಲಿಲ್ಲ. ಶರಣರ ಎಷ್ಟೋ ವಚನಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ಹಳಕಟ್ಟಿಯವರ ಕೆಲಸ ಮುಗಿದಿದೆ ಎಂದು ಭಾವಿಸಬೇಡಿರಿ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜನ ಕಾಲದ ಓಲೆಯ ಕಟ್ಟು, ಕಡತ, ಲೆಕ್ಕದ ಪುಸ್ತಕಗಳು ದೇವರ ಜಗುಲಿಯಲ್ಲಿರಬಹುದು. ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ಮತ್ತೆ ಬಟ್ಟೆಯಲ್ಲಿ ಸುತ್ತಿಡುವುದಷ್ಟೇ ಪೂಜೆಯಲ್ಲ. ಅರಿಶಿನ ಕುಂಕುಮಗಳು ಗರಿಯ ಅಕ್ಷರವನ್ನು ಮುಚ್ಚುತ್ತವೆಯೇ ಹೊರತು ಉಳಿಸುವುದಿಲ್ಲ. ಆ ಕಟ್ಟಿನಲ್ಲಿ ಪುರಾಣವಿರಬಹುದು, ವೈದ್ಯವಿರಬಹುದು, ರಾಜಾದಿತ್ಯನ ಲೆಕ್ಕಗಳೂ ಇರಬಹುದು. ಬಿಚ್ಚಿ ನೋಡಿದ ಹೊರತು ತಿಳಿಯದು. ಅದನ್ನು ಓದಬಲ್ಲವರಿಗೆ ತೋರಿಸಿರಿ, ಛಾಯಾಚಿತ್ರ ತೆಗೆಸಿರಿ, ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ.

ಮನೆಯ ಮಕ್ಕಳನ್ನು ಕರೆದು, ಯಂತ್ರವನ್ನು ಬದಿಗಿರಿಸಿ, ೧೨೩೪೫೬೭೯ನ್ನು ೯ರಿಂದ ಕೈಯಾರೆ ಗುಣಿಸಲು ಹೇಳಿರಿ. ಸಾಲಾಗಿ ಒಂದುಗಳು ಮೂಡುವಾಗ ಅವರ ಮುಖವನ್ನು ನೋಡಿರಿ. ನೃಪತುಂಗನ ಕಾಲದ ಹಾರವೊಂದು ಆ ಕ್ಷಣ ನಿಮ್ಮ ಮನೆಯ ಮಗುವಿನ ಕೊರಳಿಗೆ ಬೀಳುತ್ತದೆ. ಅದು ಸವೆಯುವ ಚಿನ್ನವಲ್ಲ, ಕಳ್ಳರು ಕದಿಯುವ ರತ್ನವೂ ಅಲ್ಲ. ಪರಶಿವನು ಆ ಮಕ್ಕಳಿಗೆ ವಿದ್ಯೆಯಲ್ಲಿ ಶ್ರದ್ಧೆಯನ್ನೂ ಸತ್ಯದಲ್ಲಿ ನಿಷ್ಠೆಯನ್ನೂ ಕರುಣಿಸಲಿ.